ನೆರೆಗೆ ಮುಳುಗಿದ ನೇಜಿ ಮತ್ತೆ ತಲೆಯೆತ್ತುವುದು ಹೇಗೆ?

ಆಷಾಢದ ಮಳೆ ಹಿಡಿಯಿತೆಂದರೆ ಸಾಸ್ತಾನದ ಸುತ್ತಮುತ್ತಲಿನ ಬೈಲುಗದ್ದೆಗಳೆಲ್ಲ ಸೇರಿ ಒಂದೇ ಕೆರೆಯಂತಾಗುತ್ತವೆ. ಪಡುವಣದಲ್ಲಿ ಕಡಲು ಉಬ್ಬಿರುತ್ತದೆ. ಮೂಡಣದಿಂದ ಸೀತಾನದಿ ಘಟ್ಟದ ನೀರನ್ನು ಹೊತ್ತು ತರುತ್ತದೆ. ನಡುವೆ ಸಿಕ್ಕಿದ ನೀರಿಗೆ ಇಳಿಯಲು ದಾರಿಯಿಲ್ಲ. ನಟ್ಟಿ ಮುಗಿಸಿ ವಾರ ಎರಡು ವಾರ ಕಳೆದಿರುವ ಎಳೆಯ ನೇಜಿ ತುದಿಯೂ ಕಾಣದಂತೆ ಮುಳುಗಿಬಿಡುತ್ತದೆ.

ಅಂಥದೊಂದು ಮಳೆಗಾಲದಲ್ಲಿ ನಮ್ಮ ನೆರೆಮನೆಯವರು ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ನನ್ನನ್ನು ಕಂಡವರೇ, "ಹ್ವಾಯ್ ಮಾಷ್ಟ್ರೇ, ಗದ್ದಿ ಪೂರಾ ಮುಳ್ಗಿತ್. ಈ ಸಲದ್ ನಟ್ಟಿ ಹೋಯ್ತ್" ಎಂದರು. ಉಳುಮೆಯ ಬಾಡಿಗೆ, ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವೂ ಆ ನೀರಿನ ಅಡಿಯಲ್ಲಿತ್ತು. ಅವರಿಗೆ ಹೇಳಲು ನನ್ನ ಬಳಿ ಮಾತಿರಲಿಲ್ಲ.

ಐದು ದಿನ ಕಳೆದು ನೀರು ಇಳಿಯಿತು. ಕೆಸರು ಮೆತ್ತಿದ ಎಲೆಗಳು ನೆಲಕ್ಕೆ ಅಂಟಿಕೊಂಡಿದ್ದವು. ಮತ್ತೆ ನಾಲ್ಕು ದಿನ ಬಿಟ್ಟು ನೋಡಿದರೆ ಬುಡದ ನಡುವಿನಿಂದ ತಿಳಿಹಸಿರಿನ ಹೊಸ ಸುಳಿ ಹೊರಟಿತ್ತು! ಆದರೆ ಅದೇ ಬೈಲಿನ ಇನ್ನೊಂದು ಗದ್ದೆಯ ನೇಜಿ ಕೊಳೆತುಹೋಗಿತ್ತು. ಆ ಮನೆಯ ಹುಡುಗ ಆಗ ನನ್ನ ಒಂಬತ್ತನೆಯ ತರಗತಿಯಲ್ಲಿದ್ದ. ಪಾಠದ ನಡುವೆ ಎದ್ದು ನಿಂತು, "ಸರ್, ನೀರಿನಡಿಯಲ್ಲಿ ಐದು ದಿನ ಗಿಡ ಹೇಗೆ ಬದುಕಿತು?" ಎಂದು ಕೇಳಿದ. "ಅದರ ವಂಶವಾಹಿಯಲ್ಲಿ ಆ ಶಕ್ತಿ ಬರೆದಿರುತ್ತದೆ" ಎಂದೆ. ಅವನು ಕುಳಿತುಕೊಳ್ಳಲಿಲ್ಲ. "ಬರೆದದ್ದು ಯಾವಾಗಲೂ ಇರುತ್ತದಲ್ಲ ಸರ್? ನೆರೆ ಬಂದಾಗ ಮಾತ್ರ ಅದು ಕೆಲಸ ಮಾಡಬೇಕೆಂದು ಗಿಡಕ್ಕೆ ತಿಳಿಯುವುದು ಹೇಗೆ?"

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷಗಳ ಹಿಂದೆ ನಾನು ಬಿ.ಎಸ್ಸಿ.ಯಲ್ಲಿ ಓದಿದ ಪಾಠ ಅದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ. ಆ ಉತ್ತರದ ದೊಡ್ಡ ಪಾಲು ಈಚಿನ ಎರಡು ಮೂರು ದಶಕಗಳಲ್ಲಿ ಬೆಳಕಿಗೆ ಬಂದದ್ದು. ಅದರ ಮುಖ್ಯ ಪಾತ್ರಧಾರಿಗಳು 'ಆರ್.ಎನ್.ಎ. ಹಿಡಿಯುವ ಪ್ರೋಟೀನುಗಳು'. ಹೆಸರು ಕೇಳಿ ಹೆದರಬೇಕಾಗಿಲ್ಲ. ನಿಧಾನವಾಗಿ ನೋಡೋಣ.

ಮೂಲ ಕಡತ ಮತ್ತು ನಕಲು

ತಾಲ್ಲೂಕು ಕಚೇರಿಯ ದಾಖಲೆ ಕೋಣೆಯನ್ನು ನೆನಪಿಸಿಕೊಳ್ಳಿ. ಊರಿನ ಎಲ್ಲ ಜಮೀನುಗಳ ಮೂಲ ಕಡತ ಅಲ್ಲಿರುತ್ತದೆ. ಆ ಕಡತವನ್ನು ಯಾರೂ ಹೊರಗೆ ಒಯ್ಯುವಂತಿಲ್ಲ. ಬೇಕಾದವರಿಗೆ ಬೇಕಾದ ಪುಟದ ನಕಲು ಸಿಗುತ್ತದೆ. ಬ್ಯಾಂಕಿಗೆ ಹೋಗುವುದು, ಸೊಸೈಟಿಗೆ ಹೋಗುವುದು ಆ ನಕಲೇ.

ಜೀವಕೋಶದಲ್ಲಿ ನಡೆಯುವುದೂ ಇದೇ. ಕೋಶಕೇಂದ್ರವೇ ದಾಖಲೆ ಕೋಣೆ. ಡಿ.ಎನ್.ಎ. ಮೂಲ ಕಡತ. ಅದರಲ್ಲಿ ಒಂದೊಂದು ಕೆಲಸಕ್ಕೆ ಸಂಬಂಧಿಸಿದ ಪುಟವೇ ವಂಶವಾಹಿ, ಅಂದರೆ ಜೀನ್. ಬೇಕಾದ ಪುಟದಿಂದ ತೆಗೆದ ನಕಲಿಗೆ ಸಂದೇಶವಾಹಕ ಆರ್.ಎನ್.ಎ. ಎಂದು ಹೆಸರು. ಈ ನಕಲು ಕೋಶಕೇಂದ್ರದಿಂದ ಹೊರಬಂದು ರೈಬೋಸೋಮ್ ಎಂಬ ಕಾರ್ಯಾಗಾರವನ್ನು ತಲುಪುತ್ತದೆ. ಅಲ್ಲಿ ಅದನ್ನು ಓದಿ ಅದರಂತೆ ಪ್ರೋಟೀನು ತಯಾರಾಗುತ್ತದೆ. ಎಲೆಯಲ್ಲಿ ಬೆಳಕಿನಿಂದ ಆಹಾರ ತಯಾರಿಸುವುದರಲ್ಲಿ, ಬೇರಿನಲ್ಲಿ ಲವಣ ಹೀರುವುದರಲ್ಲಿ ದುಡಿಯುವುದು ಬಹುಮಟ್ಟಿಗೆ ಪ್ರೋಟೀನುಗಳೇ.

ಪಠ್ಯಪುಸ್ತಕದಲ್ಲಿ ಇದನ್ನು ಮೂರು ಪದ, ಎರಡು ಬಾಣದ ಗುರುತುಗಳಲ್ಲಿ ಬರೆದು ಮುಗಿಸುತ್ತೇವೆ. ಡಿ.ಎನ್.ಎ.ಯಿಂದ ಆರ್.ಎನ್.ಎ., ಆರ್.ಎನ್.ಎ.ಯಿಂದ ಪ್ರೋಟೀನು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಕಚೇರಿಯಲ್ಲಿ ನಕಲು ತಾನಾಗಿ ನಡೆದುಕೊಂಡು ಬ್ಯಾಂಕಿಗೆ ಹೋಗುತ್ತದೆಯೇ? ಅದನ್ನು ಒಪ್ಪವಾಗಿ ಜೋಡಿಸುವವರು, ಮೊಹರು ಹಾಕುವವರು, ಒಯ್ಯುವವರು, ಈಗ ಬೇಡವೆಂದು ಕಟ್ಟಿ ಇಡುವವರು, ಹಳತಾಯಿತೆಂದು ಹರಿದು ಹಾಕುವವರು ಎಷ್ಟು ಜನ ಬೇಕು! ಜೀವಕೋಶದಲ್ಲಿ ಈ ಗುಮಾಸ್ತರ ಕೆಲಸವನ್ನು ಮಾಡುವುದು ಆರ್.ಎನ್.ಎ.ಯನ್ನು ಹಿಡಿದುಕೊಳ್ಳಬಲ್ಲ ಪ್ರೋಟೀನುಗಳು. ನಿಜ ಹೇಳಬೇಕೆಂದರೆ ಆರ್.ಎನ್.ಎ. ಹುಟ್ಟಿದ ಗಳಿಗೆಯಿಂದ ಸಾಯುವ ಗಳಿಗೆಯವರೆಗೆ ಒಂಟಿಯಾಗಿ ಇರುವುದೇ ಇಲ್ಲ. ಯಾವುದಾದರೊಂದು ಪ್ರೋಟೀನು ಅದರ ಕೈ ಹಿಡಿದೇ ಇರುತ್ತದೆ.

ಪ್ರಸಂಗ ಒಂದೇ, ಆಟ ಬೇರೆ

ಈ ಪ್ರೋಟೀನುಗಳ ಒಂದು ಕೆಲಸ ಯಕ್ಷಗಾನ ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಪ್ರಸಂಗದ ಪುಸ್ತಕದಲ್ಲಿ ನೂರಾರು ಪದಗಳಿರುತ್ತವೆ. ರಾತ್ರಿಯಿಡೀ ಆಡುವ ಆಟದಲ್ಲಿ ಭಾಗವತರು ಹಾಡುವ ಪದಗಳೇ ಬೇರೆ, ಮೂರು ಗಂಟೆಯ ಕಾಲಮಿತಿ ಆಟದಲ್ಲಿ ಹಾಡುವ ಪದಗಳೇ ಬೇರೆ. ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಭಾಗವತರು ನಿರ್ಧರಿಸುತ್ತಾರೆ. ಪುಸ್ತಕ ಬದಲಾಗಲಿಲ್ಲ, ಆಟ ಬದಲಾಯಿತು.

ಡಿ.ಎನ್.ಎ.ಯಿಂದ ಈಗಷ್ಟೇ ತೆಗೆದ ಆರ್.ಎನ್.ಎ.ಯಲ್ಲಿ ಬೇಕಾದ ತುಂಡುಗಳ ನಡುವೆ ಬೇಡದ ತುಂಡುಗಳೂ ಸೇರಿರುತ್ತವೆ. ಬೇಡದ್ದನ್ನು ಕತ್ತರಿಸಿ ತೆಗೆದು ಬೇಕಾದದ್ದನ್ನು ಬೆಸೆಯಬೇಕು. ಎಲ್ಲಿ ಕತ್ತರಿಸಬೇಕೆಂದು ತೋರಿಸಿಕೊಡುವುದು ಆರ್.ಎನ್.ಎ. ಹಿಡಿಯುವ ಪ್ರೋಟೀನುಗಳು. ಚಳಿಯಲ್ಲಿ ಒಂದು ಬಗೆ, ಬಿಸಿಲಲ್ಲಿ ಇನ್ನೊಂದು ಬಗೆ ಕತ್ತರಿಸಿದರೆ ಒಂದೇ ವಂಶವಾಹಿಯಿಂದ ಎರಡು ಬಗೆಯ ಸಂದೇಶ ದೊರೆಯುತ್ತದೆ. ಗಿಡ ತನ್ನ ಮೂಲ ಕಡತವನ್ನು ತಿದ್ದದೆಯೇ ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುತ್ತದೆ.

ಪ್ರೋಟೀನು ಆರ್.ಎನ್.ಎ.ಯನ್ನು ಹಿಡಿಯುವುದಾದರೂ ಹೇಗೆ? ಇಂಥ ಅನೇಕ ಪ್ರೋಟೀನುಗಳಲ್ಲಿ ಸುಮಾರು 80ರಿಂದ 90 ಅಮೈನೋ ಆಮ್ಲಗಳ ಒಂದು ಭಾಗವಿದೆ. ಅದು ಮಡಿಚಿಕೊಂಡಾಗ ನಾಲ್ಕು ಪಟ್ಟಿಗಳು ಪಕ್ಕಪಕ್ಕದಲ್ಲಿ ಕೂತು ಪುಟ್ಟ ಚಾಪೆಯಂತಾಗುತ್ತವೆ. ಚಾಪೆಯ ಹಿಂಬದಿಗೆ ಎರಡು ಸುರುಳಿಗಳ ಆಸರೆ. ಆರ್.ಎನ್.ಎ.ಯ ಎಳೆ ಬಂದು ಈ ಚಾಪೆಯ ಮೇಲೆ ಮಲಗುತ್ತದೆ. ಸಾಸಿವೆಯ ಬಳಗಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡವೇ ಸಸ್ಯವಿಜ್ಞಾನಿಗಳ ಪ್ರಯೋಗಶಾಲೆಯ ಮುಖ್ಯ ಗಿಡ. ಅದರ ಡಿ.ಎನ್.ಎ.ಯನ್ನು 2000ದಲ್ಲಿ ಪೂರ್ತಿಯಾಗಿ ಓದಿ ನೋಡಿದಾಗ ಇಂಥ ಚಾಪೆಯಿರುವ ಪ್ರೋಟೀನುಗಳೇ 200ರಷ್ಟು ಕಂಡುಬಂದವು. ಬೇರೆ ರೀತಿಯಲ್ಲಿ ಹಿಡಿಯುವವು ಇನ್ನೂ ನೂರಾರಿವೆ.

ಇಷ್ಟೊಂದು ಏಕೆ ಬೇಕು? ಬಿಸಿಲು ಜೋರಾದರೆ ನಾವು ನೆರಳಿಗೆ ಓಡುತ್ತೇವೆ. ನೆರೆ ಬಂದರೆ ದನಕರು ದಿಬ್ಬ ಹತ್ತುತ್ತವೆ. ಗಿಡ ಎಲ್ಲಿಗೆ ಹೋಗಬೇಕು? ನಿಂತಲ್ಲೇ ಎಲ್ಲವನ್ನೂ ಎದುರಿಸಬೇಕು, ಅದೂ ಬೇಗ. ಹೊಸ ನಕಲು ತೆಗೆದು, ಒಪ್ಪ ಮಾಡಿ, ಹೊರಗೆ ಕಳಿಸಲು ಸಮಯ ಬೇಕು. ಈಗಾಗಲೇ ಹೊರಗೆ ಇರುವ ನಕಲುಗಳನ್ನು ತಡೆಹಿಡಿಯುವುದು, ಬಿಡುಗಡೆ ಮಾಡುವುದು ಅದಕ್ಕಿಂತ ಬೇಗ ಆಗುವ ಕೆಲಸ.

ಅಟ್ಟಕ್ಕೇರಿದ ಸಂದೇಶಗಳು

ಈಗ ಬೈಲುಗದ್ದೆಗೆ ಮರಳೋಣ. ಗಾಳಿಯಲ್ಲಿ ಆಮ್ಲಜನಕ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಅದು ನೀರಿನಲ್ಲಿ ಹರಡುತ್ತದೆ. ಹಾಗಾಗಿ ಮುಳುಗಿದ ಗಿಡಕ್ಕೆ ಉಸಿರು ಕಟ್ಟುತ್ತದೆ. ಆಮ್ಲಜನಕವಿದ್ದರೆ ಒಂದು ಗ್ಲೂಕೋಸ್ ಕಣದಿಂದ 30ರಷ್ಟು ಎ.ಟಿ.ಪಿ. ಸಿಗುತ್ತದೆ. ಎ.ಟಿ.ಪಿ. ಎಂದರೆ ಜೀವಕೋಶದ ಖರ್ಚಿನ ಕಾಸು. ಆಮ್ಲಜನಕವಿಲ್ಲದಿದ್ದರೆ ಅದೇ ಗ್ಲೂಕೋಸಿನಿಂದ ಸಿಗುವುದು ಎರಡೇ ಎರಡು. ನೂರು ರೂಪಾಯಿ ದುಡಿಯುತ್ತಿದ್ದ ಮನೆಗೆ ಒಮ್ಮೆಲೇ ಏಳು ರೂಪಾಯಿ ಬರತೊಡಗಿದರೆ ಹೇಗೋ ಹಾಗೆ.

ಪ್ರೋಟೀನು ತಯಾರಿಸುವುದು ಜೀವಕೋಶದ ಅತಿ ದುಬಾರಿ ಕೆಲಸಗಳಲ್ಲೊಂದು. ಈ ಖರ್ಚನ್ನು ಕೂಡಲೇ ನಿಲ್ಲಿಸಬೇಕು. ಆದರೆ ಸಂದೇಶಗಳನ್ನೆಲ್ಲ ಹರಿದು ಬಿಸಾಡಿದರೆ ನಾಳೆ ನೀರು ಇಳಿದಾಗ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗುತ್ತದೆ. ಅಷ್ಟು ಹೊತ್ತಿಗೆ ಗಿಡದ ಬಳಿ ಕಾಸೇ ಉಳಿದಿರುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಿವರ್‌ಸೈಡ್ ಕ್ಯಾಂಪಸ್ಸಿನಲ್ಲಿ ಜೂಲಿಯಾ ಬೈಲಿ-ಸೆರೆಸ್ ಅವರ ಪ್ರಯೋಗಶಾಲೆ ಈ ಪ್ರಶ್ನೆಗೆ ಅರಾಬಿಡಾಪ್ಸಿಸ್‌ನಲ್ಲಿ ಉತ್ತರ ಹುಡುಕಿತು. 2014ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಯು.ಬಿ.ಪಿ. 1ಸಿ ಎಂಬ ಪ್ರೋಟೀನಿನ ಕತೆಯನ್ನು ಹೇಳುತ್ತದೆ. ಆಮ್ಲಜನಕ ಕಡಿಮೆಯಾದ ಕೂಡಲೇ ಈ ಪ್ರೋಟೀನು ಸಾಮಾನ್ಯ ದಿನಗಳ ಸಾವಿರಾರು ಸಂದೇಶಗಳನ್ನು ಹಿಡಿದು ಸಣ್ಣ ಸಣ್ಣ ಗಂಟುಗಳಾಗಿ ಕಟ್ಟುತ್ತದೆ. ಗಂಟಿನೊಳಗಿನ ಸಂದೇಶವನ್ನು ರೈಬೋಸೋಮ್ ಓದುವುದಿಲ್ಲ, ಅದು ನಾಶವೂ ಆಗುವುದಿಲ್ಲ. ಉಸಿರುಕಟ್ಟಿದ ಹೊತ್ತಿಗೆ ತುರ್ತಾಗಿ ಬೇಕಾದ ಸಂದೇಶಗಳು ಮಾತ್ರ ಈ ಗಂಟಿನಿಂದ ಬಹುಮಟ್ಟಿಗೆ ಹೊರಗುಳಿದು ಓದಿಸಿಕೊಳ್ಳುತ್ತವೆ. ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಮುರಿದು ಬದುಕಲು ನೆರವಾಗುವ ಪ್ರೋಟೀನುಗಳ ಸಂದೇಶಗಳು ಅಂಥವು.

ಮಳೆಗಾಲಕ್ಕೆ ಮುನ್ನ ನಮ್ಮ ಹಿರಿಯರು ಹಪ್ಪಳ, ಸಂಡಿಗೆ, ಸೌದೆ ಎಲ್ಲವನ್ನೂ ಅಟ್ಟಕ್ಕೇರಿಸುತ್ತಿದ್ದರಲ್ಲ, ಅದೇ ಬುದ್ಧಿ ಇದು. ಎಸೆಯುವುದಲ್ಲ, ಈಗ ಬಳಸುವುದೂ ಅಲ್ಲ. ಎತ್ತಿಡುವುದು. ಮತ್ತೆ ಆಮ್ಲಜನಕ ಸಿಕ್ಕಿದಾಗ ಗಂಟುಗಳು ಬೇಗನೆ ಬಿಚ್ಚಿಕೊಳ್ಳುತ್ತವೆ, ಸಂದೇಶಗಳು ರೈಬೋಸೋಮಿಗೆ ಮರಳುತ್ತವೆ. ಈ ಪ್ರೋಟೀನು ಕೊರತೆಯಾದ ಸಸಿಗಳು ಆಮ್ಲಜನಕದ ಅಭಾವವನ್ನು ಅಷ್ಟಾಗಿ ತಾಳಿಕೊಳ್ಳಲಿಲ್ಲ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇದು ಒಂದು ಉತ್ತರ. ಬರೆದದ್ದು ಯಾವಾಗಲೂ ಇರುತ್ತದೆ, ನಿಜ. ಈಗ ಓದಬೇಕಾದದ್ದು ಯಾವುದು, ಆಮೇಲೆ ಓದಬೇಕಾದದ್ದು ಯಾವುದು ಎಂದು ವಿಂಗಡಿಸುವವರು ಬೇರೆ ಇದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಪ್ರಯೋಗ ನಡೆದದ್ದು ಕಳೆಗಿಡದಲ್ಲಿ, ಭತ್ತದಲ್ಲಲ್ಲ. ಇದೇ ಬಳಗದ ಪ್ರೋಟೀನುಗಳು ಭತ್ತದಲ್ಲಿಯೂ ಇವೆ. ಆದರೆ ಒಂದು ಭತ್ತದ ತಳಿ ನೆರೆಯಲ್ಲಿ ಉಳಿದು ಇನ್ನೊಂದು ಕೊಳೆಯುವುದಕ್ಕೆ ವಿಜ್ಞಾನಿಗಳು ಕಂಡುಹಿಡಿದ ಅತಿ ಹೆಸರಾಂತ ಕಾರಣ ಸಬ್-1ಎ ಎಂಬ ವಂಶವಾಹಿ. ಅದು ಕೆಲಸ ಮಾಡುವುದು ಒಂದು ಮೆಟ್ಟಿಲು ಮೇಲೆ, ಡಿ.ಎನ್.ಎ.ಯ ಮಟ್ಟದಲ್ಲಿ. ಯಾವ ಪುಟದ ನಕಲು ತೆಗೆಯಬೇಕೆಂದು ಅದರ ಪ್ರೋಟೀನು ಹೇಳುತ್ತದೆ. ಒಡಿಶಾದ ಎಫ್.ಆರ್. 13ಎ ಎಂಬ ಭತ್ತದಿಂದ ಈ ವಂಶವಾಹಿಯನ್ನು ಗುರುತಿಸಿದ ವಿವರ 2006ರಲ್ಲಿ ಪ್ರಕಟವಾಯಿತು. ಸಾಂಪ್ರದಾಯಿಕ ಅಡ್ಡತಳಿಯ ವಿಧಾನದಿಂದಲೇ ಅದನ್ನು ಸ್ವರ್ಣ ತಳಿಗೆ ಸೇರಿಸಿ ಸ್ವರ್ಣ-ಸಬ್ 1 ಎಂಬ ತಳಿಯನ್ನು ಮಾಡಲಾಯಿತು. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಈ ತಳಿ ಸುಮಾರು ಎರಡು ವಾರ ಮುಳುಗಿದ್ದರೂ ಮತ್ತೆ ಚಿಗುರಬಲ್ಲದು. ಅದರ ಗುಟ್ಟೂ ತಾಳ್ಮೆಯೇ. ನೀರಿನಿಂದ ಮೇಲೇಳಲೆಂದು ಉದ್ದುದ್ದ ಬೆಳೆದು ಪಿಷ್ಟವನ್ನೆಲ್ಲ ಸುಟ್ಟುಕೊಳ್ಳುವ ಬದಲು ಅದು ಬೆಳವಣಿಗೆಯನ್ನು ತಡೆದು ಕಾಯುತ್ತದೆ.

ನಮ್ಮ ಬೈಲಿನ ಎರಡು ಗದ್ದೆಗಳಲ್ಲಿ ತಳಿಯೂ ಬೇರೆ, ನಟ್ಟಿಯ ದಿನವೂ ಬೇರೆ ಇತ್ತು. ನೇಜಿಯ ಪ್ರಾಯ, ನೀರು ಎಷ್ಟು ಕದಡಿದೆ, ಎಷ್ಟು ದಿನ ನಿಂತಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬೆಟ್ಟು, ಮಜಲು, ಬೈಲು ಮೂರಕ್ಕೂ ಒಂದೇ ಬೀಜ ಹಾಕುವುದು ಜಾಣತನವಲ್ಲ. ಸಾಸ್ತಾನದಿಂದ ಹೆಚ್ಚು ದೂರವಿಲ್ಲದ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಕರಾವಳಿಗೆ ಹೊಂದುವ ಭತ್ತದ ತಳಿಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ನೀರು ನಿಲ್ಲುವ ತಗ್ಗು ಗದ್ದೆಗಳಿಗೆಂದು ಅಲ್ಲಿಂದ ಬಂದ ಕೆಂಪಕ್ಕಿಯ ತಳಿ 'ಸಹ್ಯಾದ್ರಿ ಪಂಚಮುಖಿ'. ಬೈಲುಗದ್ದೆಯವರು ಬೀಜ ಕೊಳ್ಳುವ ಮೊದಲು ಅಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು.

ಸಿಕ್ಕು ಬಿಡಿಸುವವರು

ಚಳಿ ಮತ್ತು ಬರಗಾಲದಲ್ಲಿ ಬೇರೊಂದು ತೊಂದರೆಯಿದೆ. ಆರ್.ಎನ್.ಎ. ಒಂದೇ ಎಳೆಯ ದಾರ. ದಾರ ಸಿಕ್ಕಾಗುವುದು ಸಹಜ. ಚಳಿ ಹೆಚ್ಚಿದರೆ ಈ ಸಿಕ್ಕು ಬಿಗಿದುಕೊಳ್ಳುತ್ತದೆ. ಸಿಕ್ಕಾದ ಸಂದೇಶವನ್ನು ರೈಬೋಸೋಮಿಗೆ ಓದಲಾಗುವುದಿಲ್ಲ. ಬ್ಯಾಕ್ಟೀರಿಯಾಗಳು ಥಟ್ಟನೆ ಚಳಿಗೆ ಸಿಕ್ಕಿದಾಗ 'ಶೀತಾಘಾತ ಪ್ರೋಟೀನು'ಗಳೆಂಬ ಪುಟ್ಟ ಪ್ರೋಟೀನುಗಳನ್ನು ಹೇರಳವಾಗಿ ತಯಾರಿಸುತ್ತವೆ. ಇವು ಆರ್.ಎನ್.ಎ.ಯನ್ನು ಹಿಡಿದು ಸಿಕ್ಕು ಬಿಡಿಸುತ್ತವೆ. ಜಡೆ ಹಾಕುವ ಮೊದಲು ತಾಯಿ ಮಗಳ ಕೂದಲು ಬಾಚುವ ಹಾಗೆ. ಗೋಧಿಯಂಥ ಗಿಡಗಳಲ್ಲಿಯೂ ಇದೇ ಜಾತಿಯ ಪ್ರೋಟೀನುಗಳಿವೆ.

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಇಂಥದೊಂದು ಪ್ರೋಟೀನಿನ ವಂಶವಾಹಿಯನ್ನು ಮಾನ್ಸಾಂಟೊ ಕಂಪನಿಯ ವಿಜ್ಞಾನಿಗಳು ಮುಸುಕಿನ ಜೋಳಕ್ಕೆ ಸೇರಿಸಿದರು. ನೀರು ಕಡಿಮೆಯಾದಾಗ ಆ ಜೋಳದ ಇಳುವರಿ ಮಾಮೂಲಿ ಜೋಳದಷ್ಟು ಕುಸಿಯಲಿಲ್ಲ ಎಂದು 2008ರಲ್ಲಿ ವರದಿಯಾಯಿತು. 2011ರ ಡಿಸೆಂಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟಿತು, 2013ರಲ್ಲಿ ಬೀಜ ಮಾರಾಟಕ್ಕೆ ಬಂತು. ಆದರೆ ಇದನ್ನು ಪವಾಡವೆಂದು ತಿಳಿಯಬಾರದು. ಒಣಪ್ರದೇಶಗಳಿಗೆಂದು ಸಾಮಾನ್ಯ ರೀತಿಯಲ್ಲಿ ಬೆಳೆಸಿದ ಒಳ್ಳೆಯ ತಳಿಗಳೂ ಅಷ್ಟೇ ತಾಳಿಕೆ ತೋರಿಸುತ್ತವೆ ಎಂದು ಅದೇ ಇಲಾಖೆ ತನ್ನ ಪರಿಶೀಲನೆಯಲ್ಲಿ ಹೇಳಿತ್ತು. ನಮ್ಮ ದೇಶದಲ್ಲಿ ಈ ಜೋಳವಿಲ್ಲ. ಇಲ್ಲಿ ರೈತರು ವಾಣಿಜ್ಯವಾಗಿ ಬೆಳೆಯುವ ಕುಲಾಂತರಿ ಬೆಳೆ 2002ರಿಂದ ಬಂದ ಬಿ.ಟಿ. ಹತ್ತಿ ಮಾತ್ರ. ಒಂದು ಪ್ರೋಟೀನು ಎಲ್ಲ ಕಷ್ಟವನ್ನೂ ಪರಿಹರಿಸುತ್ತದೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ನಿಂತು ಯೋಚಿಸಬೇಕು ಎಂಬುದಷ್ಟೇ ಇದರ ಪಾಠ.

ಗಿಡಗಳದೇ ಸ್ವಂತದ ಇನ್ನೊಂದು ಪ್ರೋಟೀನು ಜಿ.ಆರ್.ಪಿ. 7. ದಿನದ ಹೊತ್ತಿಗೆ ತಕ್ಕಂತೆ ಇದರ ಪ್ರಮಾಣ ಏರಿಳಿಯುತ್ತದೆ, ಚಳಿಯಲ್ಲಿ ಹೆಚ್ಚುತ್ತದೆ. ಇದು ಅತಿಯಾಗದಂತೆ ತಡೆಯುವವರು ಯಾರು? ಇದೇ! ಪ್ರಮಾಣ ಹೆಚ್ಚಾದಾಗ ಈ ಪ್ರೋಟೀನು ತನ್ನದೇ ಸಂದೇಶವನ್ನು ಹಿಡಿದು, ಅದು ತಪ್ಪಾಗಿ ಕತ್ತರಿಸಲ್ಪಟ್ಟು ಬೇಗ ನಾಶವಾಗುವಂತೆ ಮಾಡುತ್ತದೆ. ಮನೆಯ ನೀರಿನ ಟ್ಯಾಂಕಿಯಲ್ಲಿ ನೀರು ತುಂಬಿದಾಗ ತೇಲುವ ಗುಂಡು ನಲ್ಲಿಯನ್ನು ಮುಚ್ಚುವುದಿಲ್ಲವೇ, ಹಾಗೆ.

ಈ ಪ್ರೋಟೀನಿಗೆ ರೋಗವನ್ನು ತಡೆಯುವುದರಲ್ಲಿಯೂ ಕೈವಾಡವಿದೆ. ಅದು ತಿಳಿದದ್ದು ಶತ್ರುವಿನಿಂದ. ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಎಲೆಯೊಳಗೆ ಒಂದು ಅಸ್ತ್ರವನ್ನು ಚುಚ್ಚಿ ಜಿ.ಆರ್.ಪಿ. 7ರ ಆರ್.ಎನ್.ಎ. ಹಿಡಿಯುವ ಭಾಗವನ್ನೇ ಕೆಡಿಸುತ್ತದೆ ಎಂದು 2007ರಲ್ಲಿ ಗೊತ್ತಾಯಿತು. ಕಳ್ಳ ಮೊದಲು ಕಾವಲುಗಾರನ ಕೈ ಕಟ್ಟುತ್ತಾನೆ. ಕಟ್ಟಿದ ಕೈ ಯಾರದೆಂದು ನೋಡಿದರೆ ಕಾವಲುಗಾರ ಯಾರೆಂದು ತಿಳಿಯುತ್ತದೆ.

ಹೂ ಬಿಡುವ ಹೊತ್ತು

ಕಷ್ಟಕಾಲಕ್ಕೆ ಮಾತ್ರ ಇವು ಬೇಕೆಂದಲ್ಲ. ಗಿಡದ ದಿನನಿತ್ಯದ ಬೆಳವಣಿಗೆಯಲ್ಲಿಯೂ ಇವುಗಳ ಕೈಯಿದೆ. ಬೇಗ ಹೂ ಬಿಟ್ಟರೆ ಕಾಳು ತುಂಬಲು ಗಿಡದಲ್ಲಿ ಶಕ್ತಿಯಿರುವುದಿಲ್ಲ. ತಡವಾದರೆ ಮಳೆಯೋ ಚಳಿಯೋ ಮುಗಿದುಹೋಗಿರುತ್ತದೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಕೇಂದ್ರದಲ್ಲಿ ಕ್ಯಾರೊಲಿನ್ ಡೀನ್ ಅವರ ತಂಡ, ತಡವಾಗಿ ಹೂ ಬಿಡುವ ಅರಾಬಿಡಾಪ್ಸಿಸ್ ಗಿಡಗಳಲ್ಲಿ ಕೆಟ್ಟಿರುವುದು ಏನೆಂದು ಹುಡುಕುತ್ತಿತ್ತು. 1997ರಲ್ಲಿ ಸಿಕ್ಕಿದ್ದು ಎಫ್.ಸಿ.ಎ. ಎಂಬ ವಂಶವಾಹಿ. ಅದು ತಯಾರಿಸುವ ಪ್ರೋಟೀನಿನಲ್ಲಿ ಮೇಲೆ ಹೇಳಿದ ಚಾಪೆಯಂಥ ಭಾಗಗಳಿದ್ದವು. ಹೂವಿಗೆ ಬ್ರೇಕು ಹಾಕುವ ಎಫ್.ಎಲ್.ಸಿ. ಎಂಬ ಇನ್ನೊಂದು ವಂಶವಾಹಿಯನ್ನು ಇದು ತಗ್ಗಿಸುತ್ತದೆ. ಬ್ರೇಕು ಸಡಿಲವಾದಾಗ ಹೂ ಬರುತ್ತದೆ.

ಮಂಡ್ಯದ ಭತ್ತ ಹೇಳುವ ಕತೆ

ಇವೆಲ್ಲ ದೂರದ ಪ್ರಯೋಗಶಾಲೆಗಳ ಮಾತಾಯಿತು, ನಮ್ಮ ನಾಡಿನಲ್ಲಿ ಇದರ ಉಪಯೋಗ ಕಂಡವರಿದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ. ಅದೂ ಆ ಪ್ರೋಟೀನಿನ ಗುರುತು ಜಗತ್ತಿಗೆ ಸಿಗುವ ಮೊದಲೇ!

ಮಂಡ್ಯದ ವಿ.ಸಿ. ಫಾರ್ಮಿನ ಹೆಸರನ್ನು ಕೇಳಿರುತ್ತೀರಿ. ಅಲ್ಲಿಂದ 1994ರಲ್ಲಿ ಕೆ.ಆರ್.ಎಚ್.-1, 1996ರಲ್ಲಿ ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತಗಳು ಬಿಡುಗಡೆಯಾದವು. ಎರಡನೆಯದು ಕರ್ನಾಟಕದಾಚೆಗೂ ಹೆಸರು ಮಾಡಿತು. ಹೈಬ್ರಿಡ್ ಎಂದರೆ ಎರಡು ಬೇರೆ ಬೇರೆ ತಳಿಗಳ ತಂದೆತಾಯಿಯರಿಗೆ ಹುಟ್ಟಿದ ಮೊದಲ ಪೀಳಿಗೆ. ಅದರಲ್ಲಿ ಇಳುವರಿ ಹೆಚ್ಚು.

ಆದರೆ ಭತ್ತದಲ್ಲಿ ಹೈಬ್ರಿಡ್ ಮಾಡುವುದು ಸುಲಭವಲ್ಲ. ಭತ್ತದ ಪುಟ್ಟ ಹೂವಿನಲ್ಲಿ ಆರು ಕೇಸರಗಳೂ ಅಂಡಾಶಯವೂ ಒಟ್ಟಿಗಿರುತ್ತವೆ. ಹೂ ಅರಳುವ ಹೊತ್ತಿಗೆ ತನ್ನ ಪರಾಗ ತನಗೇ ಬಿದ್ದಾಗಿರುತ್ತದೆ. ಎಕರೆಗಟ್ಟಲೆ ಗದ್ದೆಯಲ್ಲಿ ಒಂದೊಂದೇ ಹೂವಿನ ಕೇಸರ ಕೀಳಲು ಸಾಧ್ಯವೇ? ಪರಾಗವೇ ಕೆಲಸ ಮಾಡದ ತಾಯಿಗಿಡ ಬೇಕು. ಚೀನಾದ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ 1970ರಲ್ಲಿ ಹೈನಾನ್ ದ್ವೀಪದಲ್ಲಿ ಅಂಥದೊಂದು ಕಾಡುಭತ್ತ ಸಿಕ್ಕಿತು. ಅದರಿಂದ ಬಂದ ತಾಯಿತಳಿಗಳ ಮೇಲೆಯೇ ಹೈಬ್ರಿಡ್ ಭತ್ತದ ಬಹುಪಾಲು ಕಟ್ಟಡ ನಿಂತಿದೆ. ಕೆ.ಆರ್.ಎಚ್.-2ರ ತಾಯಿಯೂ ಆ ಬಳಗದ್ದೇ.

ಆ ಕಾಡುಭತ್ತದ ಪರಾಗ ಏಕೆ ಬಂಜೆಯಾಗಿತ್ತು? ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಅದರದೇ ಪುಟ್ಟ ಡಿ.ಎನ್.ಎ. ಇರುತ್ತದೆ. ಅದರಲ್ಲಿ ಚೂರುಪಾರುಗಳು ಕಲಸಿ ಡಬ್ಲ್ಯು.ಎ. 352 ಎಂಬ ಒಂದು ಕೆಟ್ಟ ವಂಶವಾಹಿ ಉಂಟಾಗಿತ್ತು. ಪರಾಗಕ್ಕೆ ಆಹಾರ ಉಣಿಸುವ ಪದರವನ್ನು ಅದು ಅಕಾಲದಲ್ಲಿ ಸಾಯಿಸುತ್ತದೆ. ಈ ವಿವರ ತಿಳಿದದ್ದು 2013ರಲ್ಲಿ.

ಈಗ ಸಮಸ್ಯೆಯನ್ನು ನೋಡಿ. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ. ಹಾಗಾದರೆ ಹೈಬ್ರಿಡ್ ಮಗುವಿನಲ್ಲಿಯೂ ಅದೇ ಕೆಟ್ಟ ವಂಶವಾಹಿ ಇರುತ್ತದೆ. ಅದರ ಪರಾಗವೂ ಬಂಜೆಯಾದರೆ ರೈತನ ಗದ್ದೆಯಲ್ಲಿ ಕಾಳು ಕಟ್ಟುವುದು ಹೇಗೆ? ಹುಲ್ಲು ಮಾತ್ರ ಸಿಕ್ಕೀತು! ಆದ್ದರಿಂದ ಈ ಬಂಜೆತನವನ್ನು ಕಳೆಯಬಲ್ಲ ತಂದೆತಳಿಯೇ ಬೇಕು. ಮಂಡ್ಯದ ತಳಿವಿಜ್ಞಾನಿಗಳು ಅಂಥ ತಂದೆಯನ್ನು ರೂಪಿಸಿದರು. ಅದರ ಹೆಸರು ಕೆ.ಎಂ.ಆರ್.-3. ಕೆ.ಆರ್.ಎಚ್.-2ರ ತಂದೆ ಅದೇ.

ತಂದೆ ಕೊಡುವ ಔಷಧ ಯಾವುದು? ಆ ಬಂಜೆತನವನ್ನು ಕಳೆಯುವ ಮುಖ್ಯ ವಂಶವಾಹಿಗಳಲ್ಲೊಂದಾದ ಆರ್.ಎಫ್. 4ರ ಗುರುತು 2014ರಲ್ಲಿ ಸ್ಪಷ್ಟವಾಯಿತು. ಅದು ತಯಾರಿಸುವುದು ಪಿ.ಪಿ.ಆರ್. ಎಂಬ ವರ್ಗದ, ಆರ್.ಎನ್.ಎ. ಹಿಡಿಯುವ ಪ್ರೋಟೀನು! ಕೋಶಕೇಂದ್ರದ ಸಂದೇಶದಂತೆ ತಯಾರಾದ ಈ ಪ್ರೋಟೀನು ಮೈಟೊಕಾಂಡ್ರಿಯಾದೊಳಗೆ ಹೋಗಿ ಡಬ್ಲ್ಯು.ಎ. 352ರ ಸಂದೇಶವನ್ನು ತಗ್ಗಿಸಿಬಿಡುತ್ತದೆ. ಸಂದೇಶ ಕಡಿಮೆಯಾದರೆ ವಿಷವೂ ಕಡಿಮೆ. ಪರಾಗ ಉಳಿಯುತ್ತದೆ, ತೆನೆ ತುಂಬುತ್ತದೆ.

ಪಿ.ಪಿ.ಆರ್. ಪ್ರೋಟೀನುಗಳಲ್ಲಿ ಸುಮಾರು 35 ಅಮೈನೋ ಆಮ್ಲಗಳ ಒಂದೇ ಬಗೆಯ ತುಂಡು ಮಣಿಸರದಂತೆ ಮತ್ತೆ ಮತ್ತೆ ಬರುತ್ತದೆ. ಸ್ಥೂಲವಾಗಿ ಹೇಳುವುದಾದರೆ ಒಂದೊಂದು ಮಣಿ ಆರ್.ಎನ್.ಎ.ಯ ಒಂದೊಂದು ಅಕ್ಷರವನ್ನು ಗುರುತಿಸುತ್ತದೆ. ಮನುಷ್ಯನಲ್ಲಿ ಇಂಥ ಪ್ರೋಟೀನುಗಳು ಹತ್ತಕ್ಕಿಂತ ಕಡಿಮೆ. ಅಂಗೈಯಗಲದ ಅರಾಬಿಡಾಪ್ಸಿಸ್‌ನಲ್ಲಿ ಸುಮಾರು 450!

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೂಲ ಕಡತದಲ್ಲಿರುವ ದೋಷ ಹಾಗೇ ಇದೆ. ಯಾರೂ ಅದನ್ನು ಅಳಿಸಲಿಲ್ಲ. ಹೈಬ್ರಿಡ್ ಭತ್ತದ ಗಿಡದಲ್ಲೆಲ್ಲ ಆ ಕೆಟ್ಟ ಪುಟ ಇದ್ದೇ ಇದೆ. ಅದರ ನಕಲು ಕೈಗೆ ಸಿಗದಂತೆ ಒಬ್ಬ ಗುಮಾಸ್ತ ನೋಡಿಕೊಂಡ. ಅಷ್ಟರಿಂದಲೇ ತೆನೆ ತುಂಬಿತು.

ವರ್ಷಗಳನ್ನೂ ಗಮನಿಸಿ. ಮಂಡ್ಯದವರು ಕೆ.ಆರ್.ಎಚ್.-2 ಬಿಡುಗಡೆ ಮಾಡಿದ್ದು 1996ರಲ್ಲಿ. ಪಿ.ಪಿ.ಆರ್. ಎಂಬ ಹೆಸರೇ ಹುಟ್ಟಿದ್ದು 2000ದಲ್ಲಿ. ಆರ್.ಎಫ್. 4ರ ಗುಟ್ಟು ಬಯಲಾದದ್ದು 2014ರಲ್ಲಿ. ಗದ್ದೆಯಲ್ಲಿ ಗಿಡಗಳನ್ನು ಒಂದೊಂದಾಗಿ ನೋಡಿ, ಯಾವ ತಂದೆಯಿಂದ ಕಾಳು ಕಟ್ಟುತ್ತದೆ ಎಂದು ಎಣಿಸಿ ಆರಿಸಿದವರ ಕೆಲಸ ಮೊದಲು ಬಂತು. ಅಣುಗಳ ವಿವರಣೆ ಹದಿನೆಂಟು ವರ್ಷ ತಡವಾಗಿ ಬಂತು. ತಾಳ್ಮೆಯಿಂದ ಕಣ್ಣಿಟ್ಟು ನೋಡುವುದೂ ವಿಜ್ಞಾನವೇ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಮನೆಯಲ್ಲೇ ಒಂದು ಪ್ರಯೋಗ

ಆರ್.ಎನ್.ಎ.ಯನ್ನು ಮನೆಯಲ್ಲಿ ನೋಡುವುದು ಸಾಧ್ಯವಿಲ್ಲ. ಆದರೆ ನೀರನ್ನು ತಾಳುವ ಶಕ್ತಿ ಗಿಡದಿಂದ ಗಿಡಕ್ಕೆ ಎಷ್ಟು ಬೇರೆ ಎಂಬುದನ್ನು ನೋಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಹತ್ತು ಬಿತ್ತನೆ ಭತ್ತ, ಇನ್ನೊಂದರಲ್ಲಿ ಹತ್ತು ಹುರುಳಿ ಹಾಕಿ. ಕುದಿಸಿ ತಣಿಸಿದ ನೀರನ್ನು ಎರಡಕ್ಕೂ ಅಂಗೈಯಗಲ ಎತ್ತರಕ್ಕೆ ತುಂಬಿ. ಕುದಿಸಿದ ನೀರಿನಲ್ಲಿ ಆಮ್ಲಜನಕ ಕಡಿಮೆ. ಒಂದು ವಾರ ಅಲ್ಲಾಡಿಸದೆ ಇಟ್ಟು ದಿನವೂ ನೋಡಿ ಬರೆದಿಡಿ. ಭತ್ತದಿಂದ ಬಿಳಿಯ ಮೊಳಕೆ ಮೇಲ್ಮುಖವಾಗಿ ಹೊರಡುವುದನ್ನು ಕಾಣುವಿರಿ, ಬೇರು ಬರುವುದು ತಡ. ಹುರುಳಿ ಉಬ್ಬಿ, ನೀರು ಕದಡಿ, ಕೊಳೆಯತೊಡಗುತ್ತದೆ. ಏಕೆ ಹೀಗೆ ಎಂದು ನಿಮ್ಮ ಶಿಕ್ಷಕರನ್ನು ಕೇಳಿ. ಅವರಿಗೆ ಕೂಡಲೇ ಉತ್ತರ ಹೊಳೆಯದಿದ್ದರೆ ಬೇಸರಪಡಬೇಡಿ, ಒಟ್ಟಿಗೆ ಹುಡುಕಿ. ನನಗೂ ಒಬ್ಬ ಹುಡುಗ ಹಾಗೆಯೇ ಪಾಠ ಕಲಿಸಿದ.

ಹೆತ್ತವರಿಗೂ ಒಂದು ಮಾತು. ಪಾಲಕರ ಸಭೆಗೆ ಬಂದವರಲ್ಲಿ ಕೆಲವರು, "ನಮ್ಮ ವಂಶದಲ್ಲೇ ಲೆಕ್ಕ ಇಲ್ಲ ಮಾಷ್ಟ್ರೇ, ಇವನಿಗೆಲ್ಲಿಂದ ಬರಬೇಕು?" ಎಂದು ಮಗನ ಎದುರಿಗೇ ಹೇಳಿಬಿಡುತ್ತಾರೆ. ಮಕ್ಕಳು ಭತ್ತದ ಗಿಡಗಳಲ್ಲ, ಪ್ರೋಟೀನಿನ ಕತೆಯಿಂದ ಪರೀಕ್ಷೆಯ ಅಂಕವನ್ನು ಲೆಕ್ಕ ಹಾಕಲಾಗದು. ಆದರೂ ವಂಶದಲ್ಲಿ ಬರೆದದ್ದೇ ಕೊನೆಯ ಮಾತು ಎಂಬ ನಂಬಿಕೆಗೆ ಸಸ್ಯಗಳ ಲೋಕದಲ್ಲಿಯೇ ಆಧಾರವಿಲ್ಲ ಎಂಬುದನ್ನು ನೀವೀಗ ನೋಡಿದಿರಿ. ಬರೆದದ್ದನ್ನು ಯಾವಾಗ, ಎಷ್ಟು, ಹೇಗೆ ಓದುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಕೆಲವು ಸಲ ಎತ್ತಿಟ್ಟು ಕಾಯಬೇಕಾಗುತ್ತದೆ.

ನಮ್ಮ ನೆರೆಮನೆಯವರು ಆ ವರ್ಷ ಕಾರ್ತಿ ಬೆಳೆಯನ್ನು ಕೊಯ್ದರು. ಪ್ರತಿವರ್ಷದಷ್ಟು ಭತ್ತ ಬರಲಿಲ್ಲ, ಆದರೆ ಮನೆಯ ಊಟಕ್ಕೂ ಮುಂದಿನ ಬೀಜಕ್ಕೂ ಕೊರತೆಯಾಗಲಿಲ್ಲ. ಹುಡುಗ ಈಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾನೆ. ರಜೆಯಲ್ಲಿ ಬಂದಾಗ ಇನ್ನೂ ಪ್ರಶ್ನೆ ಕೇಳುತ್ತಾನೆ. ಈಗೀಗ ಉತ್ತರವನ್ನೂ ಅವನೇ ಹೇಳುತ್ತಾನೆ.